ಸ್ಪಿರುಲಿನಾಗೆ ಆ ನೀಲಿ ಬಣ್ಣ ಯಾಕೆ? ಬ್ಯಾಕ್ಟೀರಿಯಾಗಳ ನೆರವಿನಿಂದ ಉತ್ತರ ಕಂಡುಕೊಂಡ ಎಂಗೆಲ್ಮನ್

ನೀಲಿ ಐಸ್‌ಕ್ರೀಂ ಅಥವಾ ಮಿಠಾಯಿಯ ಲೇಬಲ್ ಓದಿದರೆ ಈಗ ಕೆಲವೊಮ್ಮೆ ಸ್ಪಿರುಲಿನಾ ಎಂಬ ಹೆಸರು ಕಾಣುತ್ತದೆ. ಇದು ಕೊಳಗಳಲ್ಲಿ ಬೆಳೆಸುವ ಒಂದು ಸಯನೋಬ್ಯಾಕ್ಟೀರಿಯಾ, ಅಂದರೆ ನಾವು ನೀಲಿ-ಹಸಿರು ಪಾಚಿ ಎಂದು ಕರೆಯುವ ಸೂಕ್ಷ್ಮಜೀವಿ. ಅದರಿಂದ ತೆಗೆಯುವ ನೀಲಿ ಬಣ್ಣದ ಹೆಸರು ಫೈಕೋಸಯನಿನ್.

ವಾಟ್ಸಾಪ್‌ನಲ್ಲಿ ಬರುವ ಸ್ಪಿರುಲಿನಾ ಕಥೆಯೇ ಬೇರೆ. ಒಂದು ಕೆಜಿ ಪುಡಿ ಸಾವಿರ ಕೆಜಿ ತರಕಾರಿಗೆ ಸಮವಂತೆ, ಅದರ ನೀಲಿ ಬಣ್ಣವೇ ಎಲ್ಲ ಕಾಯಿಲೆಗೂ ಮದ್ದಂತೆ. ಇದನ್ನು ನಂಬಬೇಕೇ ಎಂದು ತಿಳಿಯಲು ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು. ಆ ಜೀವಿಗೆ ನೀಲಿ ಬಣ್ಣದಿಂದ ಏನು ಉಪಯೋಗ? ಸುಮಾರು 140 ವರ್ಷಗಳ ಹಿಂದೆ ಪ್ರಯೋಗದ ಮೂಲಕ ಇದಕ್ಕೆ ಉತ್ತರ ಹುಡುಕಿದವರು ಜರ್ಮನಿಯ ವಿಜ್ಞಾನಿ ಥಿಯೋಡೋರ್ ವಿಲ್ಹೆಲ್ಮ್ ಎಂಗೆಲ್ಮನ್. ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರಿಗೆ ದ್ಯುತಿಸಂಶ್ಲೇಷಣೆಯ ಪಾಠದಲ್ಲಿ ಒಂದೆರಡು ಸಾಲಿನಲ್ಲಿ ಬಂದುಹೋಗುವ ಈ ಹೆಸರು ನೆನಪಿರಬಹುದು.

ಪುಸ್ತಕದ ಮನೆಯ ಹುಡುಗ

ಎಂಗೆಲ್ಮನ್ ಹುಟ್ಟಿದ್ದು 1843ರ ನವೆಂಬರ್ 14ರಂದು, ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ. ತಂದೆ ವಿಲ್ಹೆಲ್ಮ್ ಎಂಗೆಲ್ಮನ್ ಹೆಸರಾಂತ ಪುಸ್ತಕ ಪ್ರಕಾಶಕರು. ಫೈಕೋಸಯನಿನ್ ಎಂಬ ಹೆಸರು ಹುಟ್ಟಿದ್ದೂ ಅದೇ ವರ್ಷ. ಜರ್ಮನಿಯವರೇ ಆದ ಪಾಚಿ ತಜ್ಞ ಕುಟ್ಜಿಂಗ್ ಆ ನೀಲಿ ಪದಾರ್ಥಕ್ಕೆ ಹೆಸರಿಟ್ಟಿದ್ದರು. ಅದರ ಕೆಲಸವೇನು ಎಂಬುದು ಮಾತ್ರ ಆಗ ಗೊತ್ತಿರಲಿಲ್ಲ.

ವೈದ್ಯಕೀಯ ಮತ್ತು ಜೀವವಿಜ್ಞಾನ ಓದಿ 1867ರಲ್ಲಿ ಡಾಕ್ಟರೇಟ್ ಪಡೆದ ಎಂಗೆಲ್ಮನ್, ಅದೇ ವರ್ಷ ನೆದರ್‌ಲೆಂಡ್ಸ್‌ನ ಉಟ್ರೆಕ್ಟ್‌ಗೆ ಹೋದರು. ಕಣ್ಣಿನ ವಿಜ್ಞಾನದಲ್ಲಿ ದೊಡ್ಡ ಹೆಸರು ಮಾಡಿದ್ದ ಡಾಂಡರ್ಸ್ ಅವರಿಗೆ ಸಹಾಯಕರಾದರು. ಡಾಂಡರ್ಸ್ ಮಗಳು ಮೇರಿಯನ್ನು ಮದುವೆಯಾದರು, ಆದರೆ ಆಕೆ ಬೇಗನೆ ತೀರಿಕೊಂಡರು. ಮುಂದೆ ಪಿಯಾನೋ ವಾದಕಿ ಎಮ್ಮಾ ಬ್ರಾಂಡೆಸ್ ಅವರ ಬಾಳಸಂಗಾತಿಯಾದರು. ಎಂಗೆಲ್ಮನ್ ಕೂಡ ಚೆಲ್ಲೋ ನುಡಿಸುತ್ತಿದ್ದರು. ಪ್ರಸಿದ್ಧ ಸಂಗೀತಗಾರ ಬ್ರಾಮ್ಸ್ ಈ ಮನೆಯ ಆಪ್ತ ಗೆಳೆಯ. ತಮ್ಮ ಮೂರನೇ ಸ್ಟ್ರಿಂಗ್ ಕ್ವಾರ್ಟೆಟ್ ಅನ್ನು ಅವರು ಅರ್ಪಿಸಿದ್ದು ಎಂಗೆಲ್ಮನ್ ಅವರಿಗೇ.

ಎಂಗೆಲ್ಮನ್ ಅವರ ಮುಖ್ಯ ಕೆಲಸ ಸ್ನಾಯು ಮತ್ತು ಹೃದಯದ ಬಗ್ಗೆ. ಹೃದಯದ ಬಡಿತ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಡುವುದು ನರಗಳ ಮೂಲಕವೋ ಅಥವಾ ಸ್ನಾಯುವಿನ ಮೂಲಕವೋ ಎಂಬ ವಾದ ಆಗ ಜೋರಾಗಿತ್ತು. ಎಂಗೆಲ್ಮನ್ ಕಪ್ಪೆಯ ಹೃದಯವನ್ನು ಅಂಕುಡೊಂಕಾಗಿ ಕತ್ತರಿಸಿ, ತುಂಡುಗಳ ನಡುವೆ ಸ್ನಾಯುವಿನ ಸಣ್ಣ ಸೇತುವೆಗಳನ್ನಷ್ಟೇ ಬಿಟ್ಟರು. ಆದರೂ ಬಡಿತ ತುಂಡಿನಿಂದ ತುಂಡಿಗೆ ದಾಟಿತು. ಸ್ನಾಯುವೇ ಅದನ್ನು ಸಾಗಿಸುತ್ತದೆ ಎಂಬುದಕ್ಕೆ ಇದು ಬಲವಾದ ಸಾಕ್ಷಿಯಾಯಿತು.

ಬ್ಯಾಕ್ಟೀರಿಯಾಗಳೇ ಅಳತೆಗೋಲು

1880ರ ದಶಕದ ಆರಂಭದಲ್ಲಿ ಅವರು ಕೈಗೆತ್ತಿಕೊಂಡದ್ದು ಪಾಚಿಗಳನ್ನು. ಗಿಡಗಳು ಬೆಳಕಿನಲ್ಲಿ ಆಮ್ಲಜನಕ ಬಿಡುತ್ತವೆ ಎಂಬುದು ಅಷ್ಟರಲ್ಲಿ ಗೊತ್ತಿತ್ತು. ಆದರೆ ಬಿಳಿ ಬೆಳಕಿನೊಳಗೆ ಇರುವ ಕಾಮನಬಿಲ್ಲಿನ ಬಣ್ಣಗಳಲ್ಲಿ ಯಾವುದು ಹೆಚ್ಚು ಕೆಲಸ ಮಾಡಿಸುತ್ತದೆ? ಕೂದಲಿಗಿಂತ ತೆಳುವಾದ ಒಂದು ಪಾಚಿಯ ಎಳೆ ಬಿಡುವ ಆಮ್ಲಜನಕವನ್ನು ಅಳೆಯುವುದಾದರೂ ಹೇಗೆ? ಅದನ್ನು ಅಳೆಯುವ ಯಂತ್ರ ಆಗ ಯಾರ ಬಳಿಯೂ ಇರಲಿಲ್ಲ.

ಎಂಗೆಲ್ಮನ್ ಯಂತ್ರಕ್ಕಾಗಿ ಕಾಯಲಿಲ್ಲ. ಆಮ್ಲಜನಕ ಇರುವ ಕಡೆಗೆ ಈಜಿ ಹೋಗುವ ಬ್ಯಾಕ್ಟೀರಿಯಾಗಳನ್ನು ಅದೇ ನೀರಿಗೆ ಬಿಟ್ಟರು. ಪ್ರಿಸಂನಿಂದ ಬೆಳಕನ್ನು ಒಡೆದು, ಪುಟ್ಟ ಕಾಮನಬಿಲ್ಲೊಂದನ್ನು ಸೂಕ್ಷ್ಮದರ್ಶಕದ ಕೆಳಗಿದ್ದ ಪಾಚಿಯ ಎಳೆಯ ಉದ್ದಕ್ಕೂ ಬೀಳಿಸಿದರು. ಇರುವೆಗಳು ಸಕ್ಕರೆ ಚೆಲ್ಲಿದ ಕಡೆ ಮುತ್ತುವಂತೆ, ಬ್ಯಾಕ್ಟೀರಿಯಾಗಳು ಎರಡು ಕಡೆ ಗುಂಪುಗೂಡಿದವು. ಹಸಿರು ಪಾಚಿಯಲ್ಲಿ ಆ ಜಾಗಗಳು ಕೆಂಪು ಮತ್ತು ನೀಲಿ ಬೆಳಕು ಬಿದ್ದಿದ್ದ ಕಡೆ ಇದ್ದವು. ಪತ್ರಹರಿತ್ತು, ಅಂದರೆ ಕ್ಲೋರೋಫಿಲ್, ಚೆನ್ನಾಗಿ ಹೀರುವುದೂ ಇವೇ ಎರಡು ಬಣ್ಣಗಳನ್ನು.

ನಂತರ ಅವರು ಕೆಂಪು, ಕಂದು ಮತ್ತು ನೀಲಿ-ಹಸಿರು ಪಾಚಿಗಳನ್ನೂ ಹೀಗೆಯೇ ನೋಡಿದರು. ನೀಲಿ-ಹಸಿರು ಪಾಚಿಯಲ್ಲಿ ಫಲಿತಾಂಶ ಬೇರೆ ಬಂತು. ಕ್ಲೋರೋಫಿಲ್ ಅಷ್ಟಾಗಿ ಹೀರದ ಹಳದಿ-ಕಿತ್ತಳೆ ಬೆಳಕಿನಲ್ಲೂ ಬ್ಯಾಕ್ಟೀರಿಯಾಗಳು ಮುತ್ತಿದವು. ಆ ಬೆಳಕನ್ನು ಹಿಡಿಯುತ್ತಿದ್ದುದು ನೀಲಿ ಪದಾರ್ಥ. ಹಾಗಾದರೆ ಈ ನೀಲಿ ಬರೀ ಅಲಂಕಾರವಲ್ಲ, ಆಹಾರ ತಯಾರಿಸಲು ಬೆಳಕು ಹಿಡಿಯುವ ಬಲೆ ಎಂಬ ತೀರ್ಮಾನಕ್ಕೆ ಅವರು ಬಂದರು. ಎಲ್ಲರೂ ಇದನ್ನು ಒಪ್ಪಲಿಲ್ಲ. 1942ರಲ್ಲಿ ಅಮೆರಿಕದ ಎಮರ್ಸನ್ ಮತ್ತು ಲೂಯಿಸ್ ಒಂದು ನೀಲಿ-ಹಸಿರು ಪಾಚಿಯ ಮೇಲೆ ನಿಖರವಾದ ಅಳತೆ ಮಾಡಿದಾಗ ಎಂಗೆಲ್ಮನ್ ಮಾತು ಸರಿಯೆಂದು ಗಟ್ಟಿಯಾಯಿತು.

1897ರಲ್ಲಿ ಎಂಗೆಲ್ಮನ್ ಬರ್ಲಿನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ಅಲ್ಲಿ ಅವರ ಜೊತೆ ಕೆಲಸ ಮಾಡಿದ ರಷ್ಯಾದ ಗೈದುಕೋವ್ 1902ರಲ್ಲಿ ಇನ್ನೊಂದು ಸೋಜಿಗ ತೋರಿಸಿದರು. ಆಸಿಲೇಟೋರಿಯಾ ಎಂಬ ನೀಲಿ-ಹಸಿರು ಪಾಚಿಯನ್ನು ಹಸಿರು ಬೆಳಕಿನಲ್ಲಿ ಬೆಳೆಸಿದರೆ ಅದು ಕೆಂಪಾಗುತ್ತದೆ, ಕೆಂಪು ಬೆಳಕಿನಲ್ಲಿ ಬೆಳೆಸಿದರೆ ಹಸಿರಾಗುತ್ತದೆ. ಸಿಗುವ ಬೆಳಕಿಗೆ ತಕ್ಕಂತೆ ಜೀವಿ ತನ್ನ ಬಲೆಯನ್ನೇ ಬದಲಿಸಿಕೊಳ್ಳುತ್ತದೆ. ಎಂಗೆಲ್ಮನ್ 1909ರ ಮೇ 20ರಂದು ಬರ್ಲಿನ್‌ನಲ್ಲಿ ತೀರಿಕೊಂಡರು.

ಪ್ರಯೋಗಶಾಲೆಯಿಂದ ಕೊಳಕ್ಕೆ

1970ರ ದಶಕದಲ್ಲಿ ಮೆಕ್ಸಿಕೋದ ಟೆಕ್ಸ್‌ಕೋಕೋ ಸರೋವರದ ಬಳಿ ಸೋಡಾ ತಯಾರಿಸುತ್ತಿದ್ದ ಕಂಪನಿಯೊಂದು ಸ್ಪಿರುಲಿನಾವನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸಿ ಮಾರತೊಡಗಿತು. ಮುಂದೆ ಜಪಾನಿನ ಡಿಐಸಿ ಕಂಪನಿ ಅದರಿಂದ ನೀಲಿ ಬಣ್ಣ ತೆಗೆದು ಮಾರುಕಟ್ಟೆಗೆ ತಂದಿತು. ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ ಕೂಡ ಸ್ಪಿರುಲಿನಾ ಬೆಳೆಸುವ ವಿಧಾನಗಳ ಬಗ್ಗೆ ದಶಕಗಳಿಂದ ಸಂಶೋಧನೆ ಮಾಡಿದೆ. ಮಿಠಾಯಿ ಮತ್ತು ಚೂಯಿಂಗ್ ಗಮ್‌ಗೆ ಸ್ಪಿರುಲಿನಾ ಬಣ್ಣ ಹಾಕಲು ಅಮೆರಿಕದ ಎಫ್‌ಡಿಎ 2013ರಲ್ಲಿ ಒಪ್ಪಿಗೆ ಕೊಟ್ಟಿತು.

ಬೆಳೆಸುವವರು ಇಂದಿಗೂ ನೋಡಿಕೊಳ್ಳಬೇಕಾದದ್ದು ಎಂಗೆಲ್ಮನ್ ಹೇಳಿದ ಆ ಬಲೆಯನ್ನೇ. ಮೊಣಕಾಲುದ್ದವೂ ಇಲ್ಲದ ಕೊಳಗಳಲ್ಲಿ, ಸೋಡಾ ಬೆರೆತ ಕ್ಷಾರದ ನೀರಿನಲ್ಲಿ ಸ್ಪಿರುಲಿನಾ ಬೆಳೆಯುತ್ತದೆ. ಎಲ್ಲ ಎಳೆಗಳಿಗೂ ಬೆಳಕು ಸಿಗಲೆಂದು ದೊಡ್ಡ ಚಕ್ರಗಳು ನೀರನ್ನು ಸುತ್ತಿಸುತ್ತಲೇ ಇರುತ್ತವೆ. ಬಿಸಿಲು ವಿಪರೀತವಾದರೆ ಜೀವಿಗೆ ದೊಡ್ಡ ಬಲೆ ಬೇಕಿಲ್ಲ, ನೀಲಿ ಕಡಿಮೆಯಾಗುತ್ತದೆ. ಸಾರಜನಕದ ಗೊಬ್ಬರ ಸಾಲದಿದ್ದರೆ ಅದು ತನ್ನ ನೀಲಿ ಪ್ರೋಟೀನನ್ನೇ ಒಡೆದು ಬಳಸಿಕೊಳ್ಳುತ್ತದೆ, ಕೊಳ ಹಳದಿಗೆ ತಿರುಗುತ್ತದೆ. ಕೊಯ್ಲಾದ ಮೇಲೆ ಕೋಶಗಳನ್ನು ಒಡೆದು ನೀರಿನಲ್ಲಿ ನೆನೆಸಿದರೆ ನೀಲಿ ನೀರಿಗೆ ಬಿಟ್ಟುಕೊಳ್ಳುತ್ತದೆ. ಕ್ಲೋರೋಫಿಲ್ ನೀರಿನಲ್ಲಿ ಕರಗದ ಕಾರಣ ಸೋಸಿದಾಗ ಹಿಂದೆ ಉಳಿಯುತ್ತದೆ.

ಹಾಗಾದರೆ ಆ ಫಾರ್ವರ್ಡ್‌ಗಳು?

ಫೈಕೋಸಯನಿನ್ ಒಂದು ಪ್ರೋಟೀನ್. ಬಿಸಿ ಮಾಡಿದರೆ ಮೊಟ್ಟೆಯ ಲೋಳೆ ಹೇಗೆ ರೂಪ ಬದಲಿಸುತ್ತದೋ ಹಾಗೆ ಇದೂ ಕೆಡುತ್ತದೆ, ಬಣ್ಣ ಮಾಸುತ್ತದೆ. ಹುಳಿ ಹೆಚ್ಚಾದರೂ ಅದಕ್ಕೆ ಆಗದು. ಐಸ್‌ಕ್ರೀಂ ಮತ್ತು ಮಿಠಾಯಿಗೆ ಇದು ಒಗ್ಗುತ್ತದೆ, ಕುದಿಯುವ ಪಾಯಸಕ್ಕೆ ಒಗ್ಗುವುದಿಲ್ಲ. ತಿಂಡಿಗೆ ಬಣ್ಣ ಬರಲು ಸೇರಿಸುವುದು ಅತಿ ಕಡಿಮೆ ಪ್ರಮಾಣದಲ್ಲಿ. ಅದರಿಂದ ಮಿಠಾಯಿಯ ಸಕ್ಕರೆ ಕಡಿಮೆಯಾಗುವುದಿಲ್ಲ, ಮಿಠಾಯಿ ಔಷಧವೂ ಆಗುವುದಿಲ್ಲ.

ಸಾವಿರ ಕೆಜಿ ತರಕಾರಿಯ ಲೆಕ್ಕವೂ ನಿಲ್ಲುವುದಿಲ್ಲ. ಒಣ ಸ್ಪಿರುಲಿನಾದಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರೋಟೀನ್ ಇರುವುದು ನಿಜ. ಆದರೆ ದಿನಕ್ಕೆ 3 ಗ್ರಾಂ ಪುಡಿ ತಿಂದರೆ ಸಿಗುವುದು ಸುಮಾರು 2 ಗ್ರಾಂ ಪ್ರೋಟೀನ್. ಒಂದು ಮೊಟ್ಟೆಯಲ್ಲೇ ಸುಮಾರು 6 ಗ್ರಾಂ ಇದೆ. ತರಕಾರಿಯ ನಾರು ಒಂದು ಚಮಚ ಪುಡಿಯಲ್ಲಿ ಸಿಗುವುದೂ ಇಲ್ಲ. ಸ್ಪಿರುಲಿನಾದಲ್ಲಿರುವ ಬಿ12 ಬಹುಪಾಲು ನಮ್ಮ ದೇಹ ಬಳಸಲಾಗದ ರೂಪದ್ದು. ಸಸ್ಯಾಹಾರಿಗಳು ಅದನ್ನೇ ನಂಬಿ ವೈದ್ಯರು ಕೊಟ್ಟ ಬಿ12 ಮಾತ್ರೆ ಬಿಡಬಾರದು.

ಇನ್ನೊಂದು ಎಚ್ಚರಿಕೆ ತುಂಬಾ ಮುಖ್ಯ. ಕೆರೆಯ ಮೇಲೆ ತೇಲುವ ಹಸಿರು ಕೆನೆ ಸ್ಪಿರುಲಿನಾ ಎಂದುಕೊಂಡು ಅದನ್ನು ಬಳಸಬೇಡಿ. ಮೈಕ್ರೋಸಿಸ್ಟಿಸ್‌ನಂಥ ಬೇರೆ ಸಯನೋಬ್ಯಾಕ್ಟೀರಿಯಾಗಳು ಯಕೃತ್ತಿಗೆ ಹಾನಿ ಮಾಡುವ ವಿಷ ತಯಾರಿಸಬಲ್ಲವು. ಕಣ್ಣಿಗೆ ಎಲ್ಲವೂ ಒಂದೇ ಹಸಿರು. ಅಂಥ ನೀರು ಕುದಿಸಿದರೂ ಆ ವಿಷ ಹೋಗುವುದಿಲ್ಲ. ದನಕರುಗಳನ್ನೂ ನೀರಿಗೆ ಬಿಡಬೇಡಿ. ಸ್ಪಿರುಲಿನಾ ಬೇಕೇಬೇಕೆಂದರೆ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ಇರುವ ಪೊಟ್ಟಣವನ್ನೇ ಕೊಳ್ಳಿ.

ಆ ನೀಲಿ ನಮ್ಮ ಕಾಯಿಲೆ ವಾಸಿ ಮಾಡಲು ಹುಟ್ಟಿದ್ದಲ್ಲ, ನೀರಿನೊಳಗೆ ಬೆಳಕು ಹಿಡಿಯಲು ಹುಟ್ಟಿದ್ದು. ಎಂಗೆಲ್ಮನ್ ಅದನ್ನು ಊಹೆಗೆ ಬಿಡದೆ, ಅಳೆಯುವ ದಾರಿ ಹುಡುಕಿ ತೋರಿಸಿದರು. ಮುಂದಿನ ಬಾರಿ ಸ್ಪಿರುಲಿನಾ ಪವಾಡದ ಸಂದೇಶ ಬಂದಾಗ, ಇದನ್ನು ಯಾರು, ಹೇಗೆ ಅಳೆದರು ಎಂದು ಕಳಿಸಿದವರನ್ನೇ ಕೇಳಿ. ಉತ್ತರ ಬರುವವರೆಗೂ ಅದನ್ನು ಮುಂದಕ್ಕೆ ಕಳಿಸಬೇಡಿ.