ಕಲಬೆರಕೆ ಇಂಧನದ ವಿರುದ್ಧ ಪ್ರಾಣ ತೆತ್ತ ಮಂಜುನಾಥ್

ಕೋಲಾರದ ಚಿನ್ನದ ಗಣಿಗಳ ಊರು ಕೆ.ಜಿ.ಎಫ್.ನ ಷಣ್ಮುಗಂ ಮಂಜುನಾಥ್ ಅವರು ಬದುಕಿದ್ದು 27 ವರ್ಷ ಮಾತ್ರ. 1978ರಲ್ಲಿ ಮಧ್ಯಮ ವರ್ಗದ ಕುಟುಂಬವೊಂದರಲ್ಲಿ ಜನಿಸಿದ ಅವರು, ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ವಿಜ್ಞಾನದ ಪದವಿ ಪಡೆದರು. ಅಲ್ಲಿಂದ ಲಖನೌದ ಭಾರತೀಯ ನಿರ್ವಹಣಾ ಸಂಸ್ಥೆಗೆ ತೆರಳಿ, 2003ರಲ್ಲಿ ವ್ಯಾಸಂಗ ಮುಗಿಸಿದರು. ಸಹಪಾಠಿಗಳ ನೆನಪಿನಲ್ಲಿ ಅವರು ಮೊದಲಿಗೆ ಉಳಿದದ್ದು ಹಾಡುಗಾರನಾಗಿ.

ಇಂಡಿಯನ್ ಆಯಿಲ್ ಸಂಸ್ಥೆಯ ಮಾರಾಟಾಧಿಕಾರಿಯಾಗಿ ಅವರು ಸೇರಿದ್ದು ಉತ್ತರ ಪ್ರದೇಶದ ಲಖೀಂಪುರ ಖೇರಿ ಜಿಲ್ಲೆಗೆ. ಪೆಟ್ರೋಲ್ ಬಂಕುಗಳ ತಪಾಸಣೆಯೂ ಅವರ ಹೊಣೆಯಾಗಿತ್ತು. ಆ ಹೊಣೆಯ ಅಪಾಯವನ್ನು ಅರಿಯಲು ಸೀಮೆಎಣ್ಣೆಯ ಲೆಕ್ಕಾಚಾರವನ್ನು ನೋಡಬೇಕು. ಚಾಮರಾಜನಗರ ತಾಲ್ಲೂಕಿನ ಚಂದಕವಾಡಿಯಾಗಲಿ, ಲಖೀಂಪುರದ ಕುಗ್ರಾಮವಾಗಲಿ, ಬಡವರ ಬುಡ್ಡಿದೀಪಕ್ಕೆಂದು ನ್ಯಾಯಬೆಲೆ ಅಂಗಡಿಗೆ ಬರುತ್ತಿದ್ದ ಸೀಮೆಎಣ್ಣೆಯ ದರ ಆಗ ಲೀಟರಿಗೆ ಸುಮಾರು 9 ರೂಪಾಯಿ. ಪೆಟ್ರೋಲಿನ ದರ 40 ರೂಪಾಯಿ ದಾಟಿತ್ತು. ಈ ಅಂತರವೇ ಕಲಬೆರಕೆದಾರರ ಬಂಡವಾಳ.

ಪತ್ತೆಹಚ್ಚುವ ಸಾಧನಗಳಾದರೋ ತೀರ ಸರಳವಾದವು. ಸೋಸು ಕಾಗದದ ಮೇಲೆ ಒಂದು ಹನಿ ಪೆಟ್ರೋಲ್ ಬಿಟ್ಟು ಕಲೆ ಉಳಿಯುವುದೇ ಎಂದು ನೋಡುವುದು, ಸಾಂದ್ರತೆಯನ್ನು ಅಳೆಯುವುದು. ಜಾಣತನದಿಂದ ಸ್ವಲ್ಪ ಬೆರೆಸಿದರೆ ಸಾಂದ್ರತೆ ಮಿತಿಯೊಳಗೇ ಇರುತ್ತದೆ. ಇದಕ್ಕೆ ಪರಿಹಾರ ಪ್ರಯೋಗಾಲಯದಲ್ಲಿ ಇಲ್ಲದಿರಲಿಲ್ಲ. ಅದೇ ಉತ್ತರ ಪ್ರದೇಶದ ಆಗ್ರಾದಿಂದ 1999ರಲ್ಲಿಯೇ ದ್ಯುತಿತಂತು ಸಂವೇದಕದ ಕುರಿತು ಸಂಶೋಧನಾ ಪ್ರಬಂಧವೊಂದು ಹೊರಬಂದಿತ್ತು. ಗಾಜಿನ ತಂತುವಿನ ಹೊರಕವಚವನ್ನು ಒಂದಿಷ್ಟು ಉದ್ದಕ್ಕೆ ತೆಗೆದು ಇಂಧನದಲ್ಲಿ ಅದ್ದಿದರೆ, ಒಳಗೆ ಸಾಗುವ ಬೆಳಕಿನ ಒಂದಂಶ ದ್ರವಕ್ಕೆ ಸೋರುತ್ತದೆ. ಸೋರಿಕೆಯ ಪ್ರಮಾಣ ದ್ರವದ ವಕ್ರೀಭವನಾಂಕವನ್ನು ಅವಲಂಬಿಸಿದೆ. ಸೀಮೆಎಣ್ಣೆಯ ಅಂಕ ಪೆಟ್ರೋಲಿನದಕ್ಕಿಂತ ತುಸು ಹೆಚ್ಚು. ಹೊರಬರುವ ಬೆಳಕನ್ನು ಅಳೆದರೆ ಬೆರಕೆ ಬಯಲಾಗುತ್ತದೆ. ಇಂಧನದೊಳಗೆ ವಿದ್ಯುತ್ ಹರಿಯದ ಕಾರಣ ಕಿಡಿಯ ಭಯವೂ ಇಲ್ಲ. ಆದರೆ ಸಂವೇದಕ ಹೇಳುವುದು ಸತ್ಯವನ್ನಷ್ಟೇ. ಬಂಕಿಗೆ ಬೀಗಮುದ್ರೆ ಹಾಕಲು ಮನುಷ್ಯನೇ ಬೇಕು.

ಮಂಜುನಾಥ್ ಹಾಕಿದರು. ಕಲಬೆರಕೆ ಮಾರುತ್ತಿದ್ದ ಬಂಕುಗಳ ಮಾರಾಟವನ್ನು ನಿಲ್ಲಿಸಿದರು. ಅವುಗಳಲ್ಲೊಂದು ಮತ್ತೆ ವಹಿವಾಟು ಆರಂಭಿಸಿದಾಗ ಪುನಃ ತಪಾಸಣೆಗೆ ಹೊರಟರು. 2005ರ ನವೆಂಬರ್ 19ರ ರಾತ್ರಿ, ದಿನಗಳಿಂದ ಮಗನ ಸುದ್ದಿಯಿಲ್ಲದೆ ಕಳವಳಗೊಂಡ ತಂದೆ ಕ್ಷೇಮ ವಿಚಾರಿಸಿ ಮೊಬೈಲಿಗೆ ಸಂದೇಶ ಕಳುಹಿಸಿದ್ದರು. ಅದೇ ರಾತ್ರಿ ಗೋಲಾ ಗೋಕರ್ಣನಾಥ ಪಟ್ಟಣದಲ್ಲಿ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. ಶವ ದೊರೆತದ್ದು ನೆರೆಯ ಸೀತಾಪುರ ಜಿಲ್ಲೆಯಲ್ಲಿ, ಅವರದೇ ಕಾರಿನ ಹಿಂದಿನ ಸೀಟಿನಲ್ಲಿ. ಕಾರನ್ನು ಸಾಗಿಸುತ್ತಿದ್ದವರು ಬಂಕಿನ ನೌಕರರು.

ಪ್ರಕರಣ ಹಳ್ಳ ಹಿಡಿಯದಂತೆ ಕಾದವರು ಭಾರತೀಯ ನಿರ್ವಹಣಾ ಸಂಸ್ಥೆಗಳ ಹಳೆಯ ವಿದ್ಯಾರ್ಥಿಗಳು. ಅವರು ಕಟ್ಟಿದ ಟ್ರಸ್ಟ್ ನ್ಯಾಯಾಲಯದ ಬಾಗಿಲು ಬಿಡಲಿಲ್ಲ. 2007ರ ಮಾರ್ಚ್ 26ರಂದು ಸೆಷನ್ಸ್ ನ್ಯಾಯಾಲಯ ಪ್ರಮುಖ ಅಪರಾಧಿಗೆ ಮರಣದಂಡನೆಯನ್ನೂ, ಏಳು ಮಂದಿಗೆ ಜೀವಾವಧಿ ಶಿಕ್ಷೆಯನ್ನೂ ವಿಧಿಸಿತು. 2009ರಲ್ಲಿ ಹೈಕೋರ್ಟ್ ಮರಣದಂಡನೆಯನ್ನು ಜೀವಾವಧಿಗೆ ಇಳಿಸಿ, ಇಬ್ಬರನ್ನು ಖುಲಾಸೆಗೊಳಿಸಿತು. ಉಳಿದ ಆರು ಮಂದಿಯ ಶಿಕ್ಷೆಯನ್ನು 2015ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ಹತ್ಯೆಯ ಮರುವರ್ಷ ಸರ್ಕಾರ ಸೀಮೆಎಣ್ಣೆಗೆ ಗುರುತು ರಾಸಾಯನಿಕ ಬೆರೆಸುವ ಪದ್ಧತಿಯನ್ನು ಜಾರಿಗೆ ತಂದಿತು. ಕೆಲವೇ ವರ್ಷಗಳಲ್ಲಿ ಅದೂ ನಿಂತುಹೋಯಿತು.