ಗುಲಂದಿ ಇಲಿಯ ಗುರುತು ಹಿಡಿದ ವಾಲ್ಟರ್ ಎಲಿಯಟ್

ಗೆಳೆಯರೇ, ಕಿತ್ತೂರು ಚೆನ್ನಮ್ಮನ ಕಥೆಯಲ್ಲಿ ಸೆರೆ ಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳು ಬರುತ್ತಾರೆ. ಒಬ್ಬರು ಸ್ಟೀವನ್‌ಸನ್, ಇನ್ನೊಬ್ಬರು ಎಲಿಯಟ್. ಪಾಠ ಮುಗಿದ ಕೂಡಲೇ ಅವರನ್ನು ಮರೆತು ಬಿಡ್ತೀವಿ. ಆದರೆ ಆ ಎಲಿಯಟ್ ಮುಂದೆ ನಮ್ಮ ನಾಡಿನ ಇಲಿಗಳ ಗುರುತು ಹಿಡಿದು ಜಗತ್ತಿಗೆ ತಿಳಿಸಿದರು.

ವಾಲ್ಟರ್ ಎಲಿಯಟ್ 1803ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಜನಿಸಿದರು. ಈಸ್ಟ್ ಇಂಡಿಯಾ ಕಂಪನಿಯ ನೌಕರಿ ಹಿಡಿದು ಮದ್ರಾಸಿಗೆ, ಅಲ್ಲಿಂದ ಧಾರವಾಡಕ್ಕೆ ಬಂದರು. 1824ರ ಅಕ್ಟೋಬರಿನಲ್ಲಿ ಕಿತ್ತೂರಿನ ಕಾಳಗದಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತರು. ಆಗ 21 ವರ್ಷದ ಎಲಿಯಟ್ ಸುಮಾರು ಆರು ವಾರ ಚೆನ್ನಮ್ಮನ ಸೆರೆಯಲ್ಲಿದ್ದರು. ಬಿಡುಗಡೆಯಾದ ಮೇಲೆ ಅವರು ಈ ನಾಡು ಬಿಟ್ಟು ಹೋಗಲಿಲ್ಲ. 1833ರ ತನಕ ಧಾರವಾಡದ ಕಡೆಯೇ ಇದ್ದರು.

1826ರಲ್ಲಿ ಮುಂಗಾರು ಸರಿಯಾಗಿ ಬೀಳಲಿಲ್ಲ. ಎರಿ ಹೊಲದ ಬಿರುಕಿನಾಗ ಇರುವ ಒಂದು ಇಲಿ ಮಳೆ ಬಂದು ಬಿರುಕು ಮುಚ್ಚಿದಾಗ ಸಾಯುತ್ತದೆ. ಆ ವರ್ಷ ಅದು ಸಾಯಲಿಲ್ಲ, ಲೆಕ್ಕವಿಲ್ಲದಷ್ಟು ಬೆಳೆಯಿತು. ಬಿತ್ತಿದ ಬೀಜ ತಿಂದಿತು. ಜೋಳದ ದಂಟು ಏರಿ ತೆನೆ ಕಡಿದು ಹಾಕಿತು. ರೈತರಿಗೆ ಕಂದಾಯ ಕಟ್ಟಲಿಕ್ಕೆ ಆಗಲಿಲ್ಲ. ವಡ್ಡರು ಸಾವಿರಗಟ್ಟಲೆ ಹಿಡಿದು ಕೊಂದರೂ ಇಲಿ ಕಡಿಮೆ ಆಗಲಿಲ್ಲ. ವಡ್ಡರು ಅದಕ್ಕೆ ಮೆಟ್ಟಾಡೆ ಅನ್ನುತ್ತಿದ್ದರು. ಎಲಿಯಟ್ ಈ ಹೆಸರನ್ನು ಬರೆದುಕೊಂಡರು.

ಇನ್ನೊಂದು ಇಲಿ ಇತ್ತು. ಕನ್ನಡದಲ್ಲಿ ಅದಕ್ಕೆ ಗುಲಂದಿ ಅಂತ ಹೆಸರು. ಇದು ಅಡವಿಯ ಜೀವಿ. ಮುಳ್ಳು ಪೊದೆಯಲ್ಲಿ ಒಣ ಹುಲ್ಲಿನಿಂದ 6ರಿಂದ 9 ಅಂಗುಲ ಅಗಲದ ದುಂಡನೆಯ ಗೂಡು ಕಟ್ಟುತ್ತದೆ. ನಡಿಗೆ ನಿಧಾನ, ಜಿಗಿಯುವುದು ಕಡಿಮೆ. ಎಲಿಯಟ್ ಅದರ ಹೊಟ್ಟೆ ಪರೀಕ್ಷಿಸಿದಾಗ ಸಿಕ್ಕಿದ್ದು ಗರಿಕೆಯ ಬೇರು ಮಾತ್ರ. ನೋಡ್ರಿ, ಎರಡೂ ಇಲಿಗಳೇ, ಆದರೆ ಜೋಳದ ಹೊಲ ಹಾಳು ಮಾಡಿದ್ದು ಗುಲಂದಿ ಅಲ್ಲ!

ಲಂಡನ್ನಿನ ಗ್ರೇ ಎಂಬ ವಿಜ್ಞಾನಿ 1837ರಲ್ಲಿ ಗುಲಂದಿಗೆ ಗೊಲುಂಡ ಎಲಿಯೊಟಿ ಎಂದು ಹೆಸರಿಟ್ಟರು. ಮೊದಲ ಭಾಗ ನಮ್ಮ ಕನ್ನಡದ ಹೆಸರು, ಎರಡನೆಯದು ಎಲಿಯಟ್ ಅವರ ಹೆಸರು. 1839ರಲ್ಲಿ ಎಲಿಯಟ್ ಈ ಸೀಮೆಯ ಸಸ್ತನಿಗಳ ಪಟ್ಟಿ ಪ್ರಕಟಿಸಿದರು. ಅದರಲ್ಲಿ ಇದೇ ಇಲಿಗೆ ತಾವೇ ಬೇರೆ ಹೆಸರು ಕೊಟ್ಟರು. 1845ರಲ್ಲಿ ಹಾಡ್ಜ್‌ಸನ್ ಮತ್ತೊಂದು ಹೆಸರು ಕೊಟ್ಟರು. 1850ರಲ್ಲಿ ಸಿಂಹಳದಲ್ಲಿ ಕೆಲಾರ್ಟ್ ಇನ್ನೂ ಎರಡು ಕೊಟ್ಟರು. ಅಲ್ಲಿ ಅದು ಕಾಫಿ ಗಿಡ ಕಡಿಯುತ್ತಿತ್ತು. ಹೀಗೆ ಒಂದೇ ಇಲಿಗೆ ಐದು ಹೆಸರು!

ಮುಂದೆ ವಿಜ್ಞಾನಿಗಳು ಇವೆಲ್ಲ ಒಂದೇ ಜಾತಿ ಎಂದು ತೀರ್ಮಾನಿಸಿದರು. ಮೇಲಿನ ಮುಂಬಲ್ಲುಗಳ ಮೇಲೆ ಉದ್ದಕ್ಕೆ ಇರುವ ಗೀರು ಇದರ ಮುಖ್ಯ ಗುರುತು. ಮೊದಲು ಪ್ರಕಟವಾದ ಹೆಸರೇ ನಿಲ್ಲಬೇಕು ಎಂಬುದು ನಿಯಮ. ಎಲಿಯಟ್ ಇಟ್ಟ ಹೆಸರು ಬಿದ್ದು ಹೋಯಿತು, ಗುಲಂದಿ ಉಳಿಯಿತು.

ಎಲಿಯಟ್ ಕನ್ನಡ ನಾಡಿನ ಐನೂರಕ್ಕೂ ಹೆಚ್ಚು ಶಾಸನಗಳ ಪ್ರತಿ ಮಾಡಿಸಿದರು. ನಮ್ಮ ಬೀದರ ಜಿಲ್ಲೆಯ ಕಲ್ಯಾಣವನ್ನು ಆಳಿದ ಚಾಲುಕ್ಯರ ಇತಿಹಾಸ ತಿಳಿಯಲು ಅವು ಬಹಳ ಸಹಾಯವಾದವು. ಡಾರ್ವಿನ್ ಅವರಿಗೂ ಪಾರಿವಾಳ, ಕೋಳಿಗಳ ಚರ್ಮ ಕಳುಹಿಸಿದ್ದರು. 1860ರಲ್ಲಿ ನಿವೃತ್ತರಾಗಿ ತಾಯ್ನಾಡಿಗೆ ಹೋದರು. ಕೊನೆಗಾಲಕ್ಕೆ ಕಣ್ಣು ಕಾಣದಾದರೂ ಅಭ್ಯಾಸ ಬಿಡಲಿಲ್ಲ. 1887ರ ಮಾರ್ಚ್ 1ರಂದು ತೀರಿಕೊಂಡರು.

ಗೆಳೆಯರೇ, ಎಲಿಯಟ್ ಅವರಿಗೆ ಈ ಹೆಸರುಗಳನ್ನು ಹೇಳಿಕೊಟ್ಟವರು ಹೊಲ ಅಡವಿ ತಿರುಗುವ ನಮ್ಮ ಜನ. ಅವರ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ. ನಮ್ಮೂರ ಹಿರಿಯರಿಗೂ ಇಂಥ ಎಷ್ಟೋ ಹೆಸರು ಗೊತ್ತಿವೆ. ಇವತ್ತೇ ಮನೆಯಲ್ಲಿ ಅಜ್ಜ ಅಜ್ಜಿಯನ್ನು ಕೇಳಿ ಬರೆದು ತರ್ರಿ. ಅವರು ಹೋದ ಮೇಲೆ ಕೇಳಬೇಕೆಂದರೆ ಯಾರೂ ಇರುವುದಿಲ್ಲ.