ಡಾ. ವು ಲಿಯೆನ್-ತೆಹ್: ಮಾಸ್ಕ್‌ನಿಂದ ನೆನಪಾಗುವ ಈ ವೈದ್ಯ ಕಟ್ಟಿದ್ದು ಪ್ಲೇಗ್ ವಿರುದ್ಧದ ಕಾಯಂ ಪಡೆ

ಕೋವಿಡ್ ಕಾಲದಲ್ಲಿ ಎನ್95 ಮಾಸ್ಕ್‌ನ ಮೂಲ ಹುಡುಕಿದವರಿಗೆ ಪದೇಪದೆ ಸಿಕ್ಕ ಹೆಸರು ಡಾ. ವು ಲಿಯೆನ್-ತೆಹ್. ಆದರೆ ಮಾಸ್ಕ್‌ಗಿಂತ ದೊಡ್ಡದಾದ ಅವರ ಇನ್ನೊಂದು ಕೆಲಸ ಅಷ್ಟಾಗಿ ಸುದ್ದಿಯಾಗಲಿಲ್ಲ.

ಈಗಿನ ಮಲೇಷ್ಯಾದ ಪೆನಾಂಗ್‌ನಲ್ಲಿ 1879ರಲ್ಲಿ ಅಕ್ಕಸಾಲಿಗರೊಬ್ಬರ ಮಗನಾಗಿ ಜನಿಸಿದ ವು, ವಿದ್ಯಾರ್ಥಿವೇತನ ಪಡೆದು ಕೇಂಬ್ರಿಡ್ಜ್‌ನಲ್ಲಿ ವೈದ್ಯಕೀಯ ಓದಿದರು. ನಂತರ ಚೀನಾದ ಸೇನಾ ವೈದ್ಯಕೀಯ ಕಾಲೇಜು ಸೇರಿದರು. 1910ರ ಡಿಸೆಂಬರ್‌ನಲ್ಲಿ ಮಂಚೂರಿಯಾದ ಹಾರ್ಬಿನ್ ನಗರದಲ್ಲಿ ಜನ ರಕ್ತ ಕೆಮ್ಮಿ ಸಾಯತೊಡಗಿದಾಗ ಸರ್ಕಾರ ಅವರನ್ನು ಅಲ್ಲಿಗೆ ಕಳುಹಿಸಿತು. ಆಗ ಅವರಿಗೆ 31 ವರ್ಷ.

ಮೃತ ಮಹಿಳೆಯೊಬ್ಬರ ಶವಪರೀಕ್ಷೆ ನಡೆಸಿದ ವು, ಇದು ಉಸಿರಿನಿಂದಲೇ ಹರಡುವ ಪ್ಲೇಗ್ ಎಂದರು. ಇಲಿ, ಚಿಗಟಗಳತ್ತಲೇ ನೋಡುತ್ತಿದ್ದ ಹಿರಿಯ ವೈದ್ಯರು ನಂಬಲಿಲ್ಲ. ಹತ್ತಿ ಇಟ್ಟ ಗಾಜ್ ಬಟ್ಟೆಯ ಮಾಸ್ಕ್ ತೊಡದೆ ರೋಗಿಗಳ ಬಳಿ ಹೋದ ಫ್ರೆಂಚ್ ವೈದ್ಯ ಮೆಸ್ನಿ ಕೆಲವೇ ದಿನಗಳಲ್ಲಿ ಮೃತಪಟ್ಟರು. ಅಲ್ಲಿಂದ ಮಾಸ್ಕ್‌ಗೆ ಬೇಡಿಕೆ ಬಂತು!

ಆದರೂ ರೋಗಿಗಳನ್ನು ಹೊತ್ತೊಯ್ಯುವವರು, ಮನೆಮನೆ ತಪಾಸಣೆಗೆ ಹೋದವರು ಸಾಯುತ್ತಲೇ ಇದ್ದರು. ಸುಮಾರು 3 ಸಾವಿರ ಸಿಬ್ಬಂದಿಯಲ್ಲಿ 300ರಷ್ಟು ಮಂದಿ ಬಲಿಯಾದರು. ಇಂಥ ಹೊತ್ತಲ್ಲಿ ಕೆಲಸ ನಿಲ್ಲದಿದ್ದುದೇ ಹೆಚ್ಚು. ವು ಊರನ್ನು 4 ವಿಭಾಗ ಮಾಡಿ, ಪೊಲೀಸರಿಗೂ ತರಬೇತಿ ಕೊಡಿಸಿದರು. ರಷ್ಯನ್ನರಿಂದ ರೈಲು ಬೋಗಿ ಪಡೆದು ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಅಲ್ಲಿ ಇರಿಸಿದರು. ನೆಲ ಹೆಪ್ಪುಗಟ್ಟಿ ಹೂಳಲಾಗದೆ ಉಳಿದಿದ್ದ 2 ಸಾವಿರಕ್ಕೂ ಹೆಚ್ಚು ಶವಗಳನ್ನು ಚಕ್ರವರ್ತಿಯ ಅನುಮತಿ ಪಡೆದು ಸುಡಿಸಿದರು. 1911ರ ಮಾರ್ಚ್ 1ರ ನಂತರ ಹಾರ್ಬಿನ್‌ನಲ್ಲಿ ಹೊಸ ಪ್ರಕರಣ ಬರಲಿಲ್ಲ. ಅಷ್ಟರಲ್ಲಿ ಇಡೀ ಮಂಚೂರಿಯಾದಲ್ಲಿ ಸುಮಾರು 60 ಸಾವಿರ ಜನ ಸತ್ತಿದ್ದರು.

ಪಿಡುಗು ಮುಗಿದ ಮೇಲೆ ತಂಡವನ್ನು ಮನೆಗೆ ಕಳುಹಿಸುವುದು ಎಲ್ಲ ಸರ್ಕಾರಗಳ ರೂಢಿ. ವು ಹಾಗಾಗಲು ಬಿಡಲಿಲ್ಲ. 1912ರಲ್ಲಿ ಪ್ಲೇಗ್ ತಡೆ ಸೇವೆ ಎಂಬ ಕಾಯಂ ಸಂಸ್ಥೆ ಕಟ್ಟಿದರು. ಕಸ್ಟಮ್ಸ್ ಆದಾಯದಿಂದ ಅದಕ್ಕೆ ಹಣ ಬರುತ್ತಿತ್ತು. ಪ್ಲೇಗ್ ಇಲ್ಲದ ವರ್ಷಗಳಲ್ಲಿ ಅದರ ಆಸ್ಪತ್ರೆಗಳು ಸಾಮಾನ್ಯ ರೋಗಿಗಳನ್ನು ನೋಡುತ್ತಿದ್ದವು. ಹಾಗಾಗಿ ಸಿಬ್ಬಂದಿಯೂ ಉಳಿದರು, ಅನುಭವವೂ ಉಳಿಯಿತು. 1920-21ರಲ್ಲಿ ಅದೇ ರೋಗ ಮರಳಿದಾಗ ಸತ್ತವರು ಸುಮಾರು 9 ಸಾವಿರ.

1931ರಲ್ಲಿ ಜಪಾನ್ ಮಂಚೂರಿಯಾಕ್ಕೆ ನುಗ್ಗಿದ ಬಳಿಕ ಅಲ್ಲಿನ ಅವರ ಕೆಲಸ ಮುಗಿಯಿತು. 1935ರಲ್ಲಿ ನೊಬೆಲ್‌ಗೆ ಹೆಸರು ಸೂಚಿತವಾಗಿತ್ತು, ಬರಲಿಲ್ಲ. 1937ರಲ್ಲಿ ಮಲಯಾಕ್ಕೆ ಮರಳಿದ ವು, ಇಪೊ ಪಟ್ಟಣದಲ್ಲಿ ಕ್ಲಿನಿಕ್ ನಡೆಸುತ್ತ ಉಳಿದ ಕಾಲ ಕಳೆದರು. 1960ರ ಜನವರಿ 21ರಂದು ಪೆನಾಂಗ್‌ನಲ್ಲಿ ನಿಧನರಾದರು.